ಅಮೆರಿಕದಲ್ಲಿ ಕುಗ್ಗಿದ್ದು ಯಾವ ಮಧ್ಯಮ ವರ್ಗ?

ಅಮೆರಿಕದ ಕುಟುಂಬಗಳ ಆದಾಯ ಐವತ್ತು ವರ್ಷಗಳಲ್ಲಿ ಹೆಚ್ಚಿರುವಾಗ ಅಲ್ಲಿನ ಮಧ್ಯಮ ವರ್ಗ ಕುಗ್ಗುತ್ತಿದೆ ಎಂಬ ಮಾತಿಗೆ ಆಧಾರವಿದೆಯೇ, ಇಲ್ಲವೇ ಅದು ಬರೀ ಚುನಾವಣೆಯ ಕೂಗೇ ಎಂದು ತಾವು ಕೇಳಿದ್ದೀರಿ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಮಿಷಿಗನ್ ರಾಜ್ಯದ ಡೆಟ್ರಾಯಿಟ್ ಬಳಿಯ ಉಪನಗರವೊಂದರಲ್ಲಿ ನೆಲೆಸಿ, ಕಾರಿನ ಬಿಡಿಭಾಗಗಳನ್ನು ತಯಾರಿಸುವ ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿರುವ ನಾನು ಕಂಡ ಮಟ್ಟಿಗೆ ಆಧಾರವಿದೆ. ಆದರೆ ಕುಗ್ಗಿದ್ದು ಏನು ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕಾಗುತ್ತದೆ.

ದೇಶದ ಕುಟುಂಬಗಳನ್ನೆಲ್ಲ ಆದಾಯದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ಸರಿಯಾಗಿ ನಡುವೆ ಬರುವ ಕುಟುಂಬದ ಆದಾಯಕ್ಕೆ ಮಧ್ಯಾಂಕ ಎನ್ನುತ್ತಾರೆ. ಅಮೆರಿಕದ ಸಮೀಕ್ಷಾ ಸಂಸ್ಥೆಯಾದ ಪ್ಯೂ ಸಂಶೋಧನಾ ಕೇಂದ್ರವು ಈ ಮಧ್ಯಾಂಕದ ಮೂರನೇ ಎರಡು ಪಾಲಿನಿಂದ ಹಿಡಿದು ಅದರ ಎರಡು ಪಟ್ಟಿನವರೆಗೆ ಗಳಿಸುವವರನ್ನು ಮಧ್ಯಮ ಆದಾಯದವರೆಂದು ಎಣಿಸುತ್ತದೆ. 2020ರಲ್ಲಿ ಮೂರು ಜನರ ಕುಟುಂಬಕ್ಕೆ ಅದು ವರ್ಷಕ್ಕೆ ಸುಮಾರು 52,000 ಡಾಲರಿನಿಂದ 1,56,000 ಡಾಲರ್. ಈ ಲೆಕ್ಕದಲ್ಲಿ 1971ರಲ್ಲಿ ವಯಸ್ಕರ ಪೈಕಿ ಶೇ. 61ರಷ್ಟು ಮಂದಿ ನಡುವಿನ ಗುಂಪಿನಲ್ಲಿದ್ದರು, 2021ಕ್ಕೆ ಆ ಪ್ರಮಾಣ ಶೇ. 50ಕ್ಕೆ ಇಳಿದಿತ್ತು. ಕೆಳಗಿನ ಗುಂಪು ಶೇ. 25ರಿಂದ 29ಕ್ಕೂ, ಮೇಲಿನ ಗುಂಪು ಶೇ. 14ರಿಂದ 21ಕ್ಕೂ ಬೆಳೆದವು. ನಡುವಿನಿಂದ ಕರಗಿದ ಶೇ. ಹನ್ನೊಂದರಲ್ಲಿ ಏಳು ಮೇಲಿನ ಗುಂಪಿಗೆ, ನಾಲ್ಕು ಕೆಳಗಿನ ಗುಂಪಿಗೆ ಸೇರಿದಂತಾಯಿತು. ಇದನ್ನು ತೋರಿಸಿ, ‘ಹೆಚ್ಚಿನವರು ಮೇಲೇರಿದ್ದಾರೆ, ಅಳುವುದೇಕೆ’ ಎನ್ನುವ ಅರ್ಥಶಾಸ್ತ್ರಜ್ಞರಿದ್ದಾರೆ. ಅವರ ಮಾತನ್ನು ಪೂರ್ತಿ ತಳ್ಳಿಹಾಕಲಾಗದು. ಮೂರೂ ಗುಂಪುಗಳ ಆದಾಯ, ಬೆಲೆಯೇರಿಕೆಯನ್ನು ಕಳೆದ ಮೇಲೂ ಹೆಚ್ಚಿದೆ ಎಂಬುದು ನಿಜ. ಆದರೆ ದೇಶದ ಒಟ್ಟು ಕೌಟುಂಬಿಕ ಆದಾಯದಲ್ಲಿ ನಡುವಿನ ಗುಂಪಿಗೆ 1970ರಲ್ಲಿ ಶೇ. 62ರಷ್ಟು ಸೇರುತ್ತಿದ್ದುದು 2020ರ ಹೊತ್ತಿಗೆ ಶೇ. 42ಕ್ಕೆ ಇಳಿದು, ಮೇಲಿನ ಗುಂಪಿನ ಪಾಲು ಶೇ. 29ರಿಂದ 50ಕ್ಕೆ ಏರಿತು. ಜನ ಕರಗಿದ್ದಕ್ಕಿಂತ ವೇಗವಾಗಿ ಅವರ ಪಾಲು ಕರಗಿದೆ.

ಈ ಪಟ್ಟಿಗಳಲ್ಲಿ ಕಾಣದ ಇನ್ನೊಂದು ಸಂಗತಿಯನ್ನು ನಾನು ನಮ್ಮ ಪಕ್ಕದ ಮನೆಯ ಹಿರಿಯರಿಂದ ಕಲಿತೆ. ಅವರು 1972ರಲ್ಲಿ ಹೈಸ್ಕೂಲು ಮುಗಿಸಿದ ಬೇಸಿಗೆಯಲ್ಲೇ ಕಾರಿನ ಕಾರ್ಖಾನೆಯ ಜೋಡಣೆ ಸಾಲಿಗೆ ಸೇರಿದವರು. ಒಬ್ಬರ ಸಂಬಳದಲ್ಲಿ ಮನೆ ಕೊಂಡರು, ಮೂವರು ಮಕ್ಕಳನ್ನು ಓದಿಸಿದರು, ಇಲ್ಲಿನವರು ‘ಅಪ್ ನಾರ್ತ್’ ಎಂದು ಕರೆಯುವ ರಾಜ್ಯದ ಬಡಗಣ ಭಾಗದ ಕೆರೆಯ ದಂಡೆಯಲ್ಲಿ ಎರಡು ಕೋಣೆಯ ಮರದ ಮನೆಯನ್ನೂ ಒಂದು ಹಳೆಯ ದೋಣಿಯನ್ನೂ ಮಾಡಿಕೊಂಡರು, ಮೂವತ್ತು ವರ್ಷ ತುಂಬಿದ ತಿಂಗಳೇ ಪಿಂಚಣಿ ಪಡೆದು ಮನೆಗೆ ಬಂದರು. ‘ತರ್ಟಿ ಆ್ಯಂಡ್ ಔಟ್’ ಎಂಬ ಈ ಸೌಲಭ್ಯವನ್ನು ವಾಹನ ಕಾರ್ಮಿಕರ ಸಂಘವಾದ ಯುಎಡಬ್ಲ್ಯು 1970ರಲ್ಲಿ ಜನರಲ್ ಮೋಟಾರ್ಸ್ ವಿರುದ್ಧ ಮುಷ್ಕರ ಹೂಡಿ ಗಳಿಸಿತ್ತು. ಅವರ ಮೊಮ್ಮಗ ಈಗ ಗೋದಾಮೊಂದರಲ್ಲಿ ರಾತ್ರಿ ಪಾಳಿ ಮಾಡುತ್ತಾನೆ. ಅಜ್ಜನಷ್ಟೇ ಓದಿದ್ದಾನೆ, ಬಹುಶಃ ಅಜ್ಜನಿಗಿಂತ ಹೆಚ್ಚು ದುಡಿಯುತ್ತಾನೆ. ಕೆರೆಯ ದಂಡೆಯ ಮನೆ ಇರಲಿ, ಬಾಡಿಗೆ ಮನೆಯನ್ನೂ ಇನ್ನಿಬ್ಬರು ಗೆಳೆಯರೊಡನೆ ಹಂಚಿಕೊಂಡಿದ್ದಾನೆ. ಕಾಲೇಜು ಮೆಟ್ಟಿಲು ಹತ್ತದವನೂ ಇಪ್ಪತ್ತೈದನೇ ವಯಸ್ಸಿಗೆ ನೆಲೆ ನಿಲ್ಲಬಹುದಾದ ಆ ದಾರಿಯೇ ಮುಖ್ಯವಾಗಿ ಇಲ್ಲಿ ಕುಗ್ಗಿದ್ದು ಎಂಬುದು ನನ್ನ ಅಭಿಪ್ರಾಯ. ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಅವರ ಸಹೋದ್ಯೋಗಿಗಳು ತೆರಿಗೆ ದಾಖಲೆಗಳನ್ನು ಜಾಲಾಡಿ ಕಂಡುಕೊಂಡದ್ದೂ ಇದಕ್ಕೆ ಹೊಂದುತ್ತದೆ: 1940ರಲ್ಲಿ ಹುಟ್ಟಿದವರಲ್ಲಿ ಸುಮಾರು ಶೇ. 90ರಷ್ಟು ಮಂದಿ ತಂದೆತಾಯಿಗಿಂತ ಹೆಚ್ಚು ಗಳಿಸಿದರೆ, 1980ರ ದಶಕದಲ್ಲಿ ಹುಟ್ಟಿದವರಲ್ಲಿ ಅರ್ಧದಷ್ಟು ಮಂದಿಗೆ ಮಾತ್ರ ಅದು ಸಾಧ್ಯವಾಯಿತು.

ಆ ದಾರಿ ತಾನಾಗಿ ಹುಟ್ಟಿದ್ದೇನೂ ಅಲ್ಲ. 1950ರಲ್ಲಿ ವಾಲ್ಟರ್ ರೂಥರ್ ನಾಯಕತ್ವದ ಯುಎಡಬ್ಲ್ಯು ಜನರಲ್ ಮೋಟಾರ್ಸ್ ಜೊತೆ ಮಾಡಿಕೊಂಡ ಐದು ವರ್ಷದ ಒಪ್ಪಂದದಲ್ಲಿ ಪಿಂಚಣಿ, ಆರೋಗ್ಯ ವಿಮೆ, ನಮ್ಮಲ್ಲಿನ ತುಟ್ಟಿಭತ್ಯೆಯಂತೆ ಬೆಲೆಯೊಂದಿಗೆ ಏರುವ ಸಂಬಳ ಎಲ್ಲವೂ ಇದ್ದವು. ಪತ್ರಿಕೆಗಳು ಅದನ್ನು ‘ಡೆಟ್ರಾಯಿಟ್ ಒಪ್ಪಂದ’ ಎಂದು ಕರೆದವು. ಆ ದಶಕದಲ್ಲಿ ಮೂವರು ನೌಕರರಲ್ಲಿ ಹೆಚ್ಚುಕಡಿಮೆ ಒಬ್ಬರು ಸಂಘದ ಸದಸ್ಯರಾಗಿದ್ದರು, 2024ರಲ್ಲಿ ಹತ್ತರಲ್ಲಿ ಒಬ್ಬರೂ ಇಲ್ಲ. ಕಾರ್ಖಾನೆಗಳ ಉದ್ಯೋಗ 1979ರಲ್ಲಿ 1 ಕೋಟಿ 95 ಲಕ್ಷಕ್ಕೆ ಮುಟ್ಟಿ, 2010ರ ಆರಂಭಕ್ಕೆ 1 ಕೋಟಿ 15 ಲಕ್ಷದ ಆಸುಪಾಸಿಗೆ ಬಂದಿತ್ತು. ಯಂತ್ರಗಳು, ಸಂಘಗಳಿಲ್ಲದ ದಕ್ಷಿಣ ರಾಜ್ಯಗಳಿಗೆ ಹೊರಟ ಕಾರ್ಖಾನೆಗಳು, 2001ರ ಡಿಸೆಂಬರಿನಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಸೇರಿದ ಚೀನಾ, ಇವೆಲ್ಲಕ್ಕೂ ಅದರಲ್ಲಿ ಕೈವಾಡವಿದೆ. ಜೊತೆಗೆ, 1981ರಲ್ಲಿ ಶೇ. 70 ಇದ್ದ ಆದಾಯ ತೆರಿಗೆಯ ಗರಿಷ್ಠ ದರವನ್ನು 1988ರ ಹೊತ್ತಿಗೆ ಶೇ. 28ಕ್ಕೆ ಇಳಿಸಿದ್ದು ಯಾವ ಯಂತ್ರವೂ ಅಲ್ಲ, ಸರ್ಕಾರವೇ.

ಹಳೆಯ ಕಾಲವನ್ನು ಹೊಗಳುವಾಗ ಒಂದು ಎಚ್ಚರವನ್ನೂ ಹೇಳಬೇಕು. ಡೆಟ್ರಾಯಿಟಿನ ‘ಏಟ್ ಮೈಲ್’ ಎಂಬ ಹೆಸರಿನ ರಸ್ತೆಯ ಬಳಿ ಆರಡಿ ಎತ್ತರದ, ಸುಮಾರು ಅರ್ಧ ಮೈಲಿ ಉದ್ದದ ಕಾಂಕ್ರೀಟ್ ಗೋಡೆಯೊಂದಿದೆ. ಕಪ್ಪು ಜನರ ಬಡಾವಣೆಯ ಪಕ್ಕ ಬಿಳಿಯರಿಗಾಗಿ ಮನೆ ಕಟ್ಟಲು ಹೊರಟವನಿಗೆ ಸರ್ಕಾರದ ಸಾಲ ಖಾತರಿ ಸಿಗಲೆಂದು 1941ರಲ್ಲಿ ಎಬ್ಬಿಸಿದ್ದು ಅದು. ಈಗ ಅದರ ಒಂದು ಭಾಗದ ಮೇಲೆ ಬಣ್ಣಬಣ್ಣದ ಚಿತ್ರಗಳಿವೆ, ಮಕ್ಕಳು ಪಕ್ಕದ ಉದ್ಯಾನದಲ್ಲಿ ಆಡುತ್ತಾರೆ. ಆ ಮಧ್ಯಮ ವರ್ಗದ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ.

ದಾರಿ ಕಿರಿದಾದ ಬಗೆಯನ್ನು ಕಾರ್ಖಾನೆಯೊಳಗೇ ನೋಡಬಹುದಿತ್ತು. 2007ರ ಒಪ್ಪಂದದಲ್ಲಿ ಡೆಟ್ರಾಯಿಟಿನ ಮೂರು ಕಾರು ಕಂಪನಿಗಳು ಹೊಸಬರಿಗೆ ಬೇರೆಯೇ ಸಂಬಳದ ಮಟ್ಟವನ್ನು ತಂದವು. ಹಳಬರಿಗೆ ಗಂಟೆಗೆ 28 ಡಾಲರಿನಷ್ಟು, ಹೊಸಬರಿಗೆ 14ರ ಆಸುಪಾಸು. ನಮ್ಮ ಭಾಗಗಳ ದೂರು ಬಂದಾಗಲೆಲ್ಲ ನಾನು ಜೋಡಣೆ ಸಾಲಿನ ಪಕ್ಕ ಹೋಗಿ ನಿಲ್ಲಬೇಕಾಗುತ್ತಿತ್ತು; ಒಂದೇ ಕಾರಿನ ಎಡಬಾಗಿಲಿಗೆ ಬೋಲ್ಟು ಬಿಗಿಯುವವನಿಗೂ ಬಲಬಾಗಿಲಿಗೆ ಬಿಗಿಯುವವನಿಗೂ ಸಂಬಳದಲ್ಲಿ ಒಂದಕ್ಕೆರಡರ ಅಂತರವಿದ್ದದ್ದನ್ನು ಅವರ ಬಾಯಿಂದಲೇ ಕೇಳಿದ್ದೇನೆ. 2023ರಲ್ಲಿ ಮೂರೂ ಕಂಪನಿಗಳ ವಿರುದ್ಧ ಒಮ್ಮೆಗೇ ನಡೆದ ಮುಷ್ಕರದ ಬಳಿಕ ಈ ಅಂತರವನ್ನು ಬಹುಮಟ್ಟಿಗೆ ಕಿತ್ತುಹಾಕಲಾಯಿತು. ಆದರೆ ಆ ಒಪ್ಪಂದದ ನೆರಳು ಗೋದಾಮಿನ ಹುಡುಗನವರೆಗೆ ಚಾಚುವುದಿಲ್ಲ.

ಆದಾಯ ಏರಿದರೂ ಕೈಗೆ ಹತ್ತುವುದಿಲ್ಲ ಎಂಬ ದೂರಿಗೆ ಇನ್ನೊಂದು ಕಾರಣವಿದೆ. ಪ್ರತಿ ನವೆಂಬರಿನಲ್ಲಿ ನಮ್ಮ ಕಂಪನಿ ಮುಂದಿನ ವರ್ಷದ ಆರೋಗ್ಯ ವಿಮೆಯ ಹಾಳೆಯನ್ನು ಕಳಿಸುತ್ತದೆ, ನಾನೂ ನನ್ನ ಹೆಂಡತಿಯೂ ಊಟದ ಮೇಜಿನ ಮೇಲೆ ಅದನ್ನು ಹರವಿಕೊಂಡು ಕೂಡುತ್ತೇವೆ. ಮಾರ್ಚಿಯಲ್ಲಿ ಬಂದ ಸಂಬಳ ಏರಿಕೆಯ ಬಹುಪಾಲು ಆ ಹಾಳೆಯಲ್ಲೇ ಮುಗಿದುಹೋದ ವರ್ಷಗಳುಂಟು. 2024ರಲ್ಲಿ ಉದ್ಯೋಗದ ಮೂಲಕ ಸಿಗುವ ಕುಟುಂಬ ವಿಮೆಯ ವಾರ್ಷಿಕ ಕಂತು ಸರಾಸರಿ 25,572 ಡಾಲರ್ ಇತ್ತು. ಅದರ ಮುಕ್ಕಾಲು ಪಾಲನ್ನು ಮಾಲೀಕರೇ ತುಂಬಿದರೂ, ಅವರು ಅದನ್ನು ನೌಕರನಿಗೆ ತಗಲುವ ಖರ್ಚೆಂದೇ ಬರೆದುಕೊಳ್ಳುತ್ತಾರೆ, ಸಂಬಳ ಏರಿಸುವಾಗ ಅದು ನೆನಪಿಗೆ ಬರುತ್ತದೆ. ಕಾಲೇಜಿನ ಶುಲ್ಕ, ಮನೆಯ ಬೆಲೆ ಇವುಗಳ ಕಥೆಯೂ ಬೇರೆಯಲ್ಲ.

ಕೊನೆಯದಾಗಿ, ನಾನು ಈ ಲೆಕ್ಕದ ಹೊರಗೆ ನಿಂತು ಉತ್ತರಿಸುತ್ತಿಲ್ಲ. ಇಪ್ಪತ್ತು ವರ್ಷದ ಹಿಂದೆ ಕೆಲಸ ಹೊರದೇಶಕ್ಕೆ ಹೋಗಿ ಮನೆಗೆ ಕಳಿಸಲ್ಪಟ್ಟವರನ್ನು ಇಲ್ಲಿ ‘ಬ್ಯಾಂಗಲೋರ್ಡ್’ ಎನ್ನುತ್ತಿದ್ದರು. 2009ರಲ್ಲಿ ಅಧ್ಯಕ್ಷ ಒಬಾಮಾ ಅವರೇ ತೆರಿಗೆ ಕಾನೂನನ್ನು ಟೀಕಿಸುತ್ತ ನ್ಯೂಯಾರ್ಕ್ ರಾಜ್ಯದ ಬಫಲೊ ಊರಿನ ಎದುರು ಬೆಂಗಳೂರನ್ನು ನಿಲ್ಲಿಸಿ ಮಾತಾಡಿದರು. ನಮ್ಮ ವಿಭಾಗದಲ್ಲಿ ನಕ್ಷೆ ಬರೆಯುವ ಏಳು ಮಂದಿಯಿದ್ದರು. ಎಲ್ಲರೂ ಎರಡು ವರ್ಷದ ಡಿಪ್ಲೊಮಾ ಓದಿ, ಒಳ್ಳೆಯ ಸಂಬಳ ತರುತ್ತಿದ್ದವರು. ಅವರ ಕೆಲಸವನ್ನು ಬೆಂಗಳೂರಿನ ತಂಡಕ್ಕೆ ದಾಟಿಸಲು, ಕನ್ನಡ ಬರುತ್ತದೆಂಬ ಕಾರಣಕ್ಕೆ, ನನ್ನನ್ನೇ ನೇಮಿಸಿದರು. ನಾಲ್ಕು ತಿಂಗಳು ರಾತ್ರಿ ಹತ್ತರ ಮೇಲೆ ಫೋನಿನಲ್ಲಿ ಕುಳಿತು ಅದನ್ನು ಮಾಡಿದೆ, ಮರುವರ್ಷ ನನಗೆ ಬಡ್ತಿಯೂ ಸಿಕ್ಕಿತು. ಆ ಏಳು ಮಂದಿಯಲ್ಲಿ ಒಬ್ಬರು ನಮ್ಮ ಮನೆಯ ಹತ್ತಿರದ ಹಾರ್ಡ್‌ವೇರ್ ಅಂಗಡಿಯಲ್ಲಿ ಬಣ್ಣ ಬೆರೆಸುವ ಕೌಂಟರಿನಲ್ಲಿದ್ದಾರೆ, ಹೋದಾಗಲೆಲ್ಲ ಮಕ್ಕಳ ಯೋಗಕ್ಷೇಮ ವಿಚಾರಿಸುತ್ತಾರೆ. ಪ್ಯೂ ಕೇಂದ್ರದ ಪಟ್ಟಿಯಲ್ಲಿ ಮೇಲಕ್ಕೆ ಹೋದ ಶೇ. ಏಳರೊಳಗೆ ನಾನಿದ್ದರೆ, ಕೆಳಕ್ಕೆ ಸರಿದ ಶೇ. ನಾಲ್ಕರೊಳಗೆ ಅವರಿದ್ದಾರೆ.