ಸಂಪಾದಕರ ಉತ್ತರ: ಅಂಕಿತ ಹಾಕುವ ಮುನ್ನ

ಮುಧೋಳದ ನಿವೃತ್ತ ಶಿಕ್ಷಕರೊಬ್ಬರ ಪತ್ರ ನನ್ನ ಮುಂದಿದೆ. ಜಾನಪದ ಧಾಟಿಯಲ್ಲಿ ತಾನೇ ಹಾಡು ಕಟ್ಟಿ ಹಾಡುವ ಅವರ ಮೊಮ್ಮಗನಿಗೆ ಬೆಂಗಳೂರಿನ ಧ್ವನಿಮುದ್ರಣ ಕಂಪನಿಯೊಂದು ಹತ್ತು ಹಾಡುಗಳ ಪೂರ್ಣ ಹಕ್ಕಿಗೆ ಒಂದೇ ಗಂಟಿನಲ್ಲಿ ಹಣ ಕೊಡಲು ಮುಂದೆ ಬಂದಿದೆ. ಹುಡುಗ ಮಾತ್ರ ತನ್ನ ಯೂಟ್ಯೂಬ್ ಚಾನೆಲ್ಲೇ ಸಾಕೆಂದು ಹಟ ಹಿಡಿದಿದ್ದಾನೆ. "ಹೆಸರಾದ ಕಂಪನಿಯ ಆಶ್ರಯ ತಾನಾಗಿ ಬಂದಾಗ ಒಲ್ಲೆನೆನ್ನುವುದು ಅಹಂಕಾರವಲ್ಲವೇ? ಅವನಿಗೆ ನಾಲ್ಕು ಬುದ್ಧಿಮಾತು ಬರೆಯಿರಿ" ಎಂದು ಅವರು ಕೇಳಿದ್ದಾರೆ.

ಗುರುಗಳೇ, ತಾವು ಬೇಸರಪಡಬಾರದು. ನಾನು ಹುಡುಗನ ಪರವಾಗಿ ನಿಲ್ಲುತ್ತೇನೆ.

ಕಂಪನಿಗಳಿಂದ ಉಪಕಾರವೇ ಆಗಿಲ್ಲವೆಂದು ಹೇಳಲಾರೆ. ಬೀಳಗಿಯ ಅಮೀರಬಾಯಿ ಕರ್ನಾಟಕಿಯವರ ಕಂಠ ದೇಶದ ಮನೆಮನೆಗೆ ತಲುಪಿದ್ದು ಸಿನಿಮಾ ಮತ್ತು ಗ್ರಾಮೋಫೋನ್ ತಟ್ಟೆಗಳಿಂದಲೇ. ಆಗ ಮುದ್ರಿಸುವ ಯಂತ್ರ, ತಟ್ಟೆ ಒತ್ತುವ ಕಾರ್ಖಾನೆ, ಮಾರುವ ಅಂಗಡಿಗಳ ಜಾಲ ಎಲ್ಲವೂ ಕಂಪನಿಯ ಕೈಯಲ್ಲಿದ್ದವು; ಹಾಡುವವರಿಗೆ ಬೇರೆ ದಾರಿಯಿರಲಿಲ್ಲ. ಇಂದು ನಮ್ಮ ತಾಲೂಕು ಊರುಗಳಲ್ಲೇ ಸ್ಟುಡಿಯೊಗಳಿವೆ. 1,000 ಚಂದಾದಾರರಾಗಿ, ಹನ್ನೆರಡು ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ ತುಂಬಿದರೆ ಯೂಟ್ಯೂಬ್ ಜಾಹೀರಾತಿನ ಹಣದಲ್ಲಿ ಪಾಲು ಕೊಡುತ್ತದೆ. ಆ ಪಾಲು ದೊಡ್ಡದೇನಲ್ಲ. ಈ ಭಾಗದ ಗಾಯಕರ ಸಂಸಾರ ನಡೆಯುವುದು ಜಾತ್ರೆಯ ರಸಮಂಜರಿ ಕಾರ್ಯಕ್ರಮಗಳಿಂದ. ಜಾತ್ರಾ ಕಮಿಟಿಯವರು ಹಾಡು ಕೇಳಿ ಕರೆಯುತ್ತಾರೆಯೇ ಹೊರತು ಕಂಪನಿಯ ಹೆಸರು ನೋಡಿ ಕರೆಯುವುದಿಲ್ಲ.

ನಮ್ಮೂರಿನ ಭಜನಾ ಮೇಳದ ಹಿರಿಯರೊಬ್ಬರನ್ನು ಕ್ಯಾಸೆಟ್ಟಿನ ಕಾಲದಲ್ಲಿ ಕಂಪನಿಯೊಂದು ಕರೆಸಿಕೊಂಡು ಎರಡು ದಿನ ಹಾಡಿಸಿತು. ಬಸ್ ಚಾರ್ಜು, ಕೈಗಿಷ್ಟು ಹಣ ಮತ್ತು ಕ್ಯಾಸೆಟ್ಟುಗಳ ಒಂದು ಡಬ್ಬಿ ಹಿಡಿದು ಅವರು ಹಿಗ್ಗಿನಿಂದ ಬಸ್ಸಿಳಿದದ್ದನ್ನು ನಾನೇ ಕಂಡಿದ್ದೇನೆ. ಸಹಿ ಮಾಡಿದ ಕಾಗದದ ಪ್ರತಿ ಮಾತ್ರ ಅವರ ಬಳಿ ಇರಲಿಲ್ಲ. ಅವರು ತೀರಿಕೊಂಡ ಮೇಲೆ ಮಗ ಪುಣ್ಯತಿಥಿಯಂದು ತಂದೆಯ ಫೋಟೊ ಇಟ್ಟು ಅದೇ ಹಾಡನ್ನು ಯೂಟ್ಯೂಬಿಗೆ ಹಾಕಿದ. ಕೆಲವೇ ದಿನಗಳಲ್ಲಿ ಹಕ್ಕು ತಮ್ಮದೆಂದು ಇನ್ನಾರದೋ ನೋಟಿಸು ಬಂತು. ಧ್ವನಿಮುದ್ರಣದ ಹಕ್ಕು 60 ವರ್ಷ ಇರುವುದರಿಂದ ಕಾನೂನಿನಂತೆ ಅದು ತಪ್ಪೂ ಅಲ್ಲ. ಅಪ್ಪನ ದನಿ ಕೇಳಿಸಲು ಪರರ ಅಪ್ಪಣೆ ಬೇಕೇ ಎಂದು ಆ ಮಗ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಕನ್ನಡ ಕಲಿಸಿದ ತಮಗೆ ಅಂಕಿತವೆಂದರೇನೆಂದು ನಾನು ಹೇಳಬೇಕಿಲ್ಲ. ಲಾವಣಿ, ಗೀಗೀ ಪದ ಕಟ್ಟಿದವರು ಕಡೆಯ ನುಡಿಯಲ್ಲಿ ತಮ್ಮ ಊರು, ಗುರು, ಹೆಸರು ಸೇರಿಸುತ್ತಿದ್ದರು. ಯಾರು ಎಲ್ಲಿ ಹಾಡಿದರೂ ಕಟ್ಟಿದವನು ಹಾಡಿನೊಳಗೇ ಇರುತ್ತಿದ್ದ. ಈಗ ಊರೂರಿನ ಟ್ರ್ಯಾಕ್ಟರುಗಳಲ್ಲಿ ಮೊಳಗುವ ಎಷ್ಟೋ ಹಾಡುಗಳಿಗೆ ಸಾಹಿತ್ಯ ಬರೆದವನ ಹೆಸರೇ ಇರುವುದಿಲ್ಲ. ಡಿಜೆಗೂ ಪೆಂಡಾಲಿಗೂ ಲೆಕ್ಕವಿಡದೆ ಸುರಿಯುವ ನಾವು ಪದ ಕಟ್ಟಿದವನಿಗೆ ಶಾಲು ಹೊದಿಸಿ ಕಳಿಸುತ್ತೇವೆ. ಹೊಲದ ಉತಾರದಲ್ಲಿ ಹೆಸರಿನ ಒಂದಕ್ಷರ ತಪ್ಪಿದರೆ ತಹಸೀಲ್ದಾರ ಕಚೇರಿಗೆ ಹತ್ತು ಸಲ ಅಲೆಯುವ ಜನ, ಹಾಡಿನ ಹಕ್ಕಿನ ಕಾಗದವನ್ನು ಓದದೆಯೇ ಸಹಿ ಹಾಕುತ್ತೇವೆ. ಇದು ನನ್ನನ್ನು ಬಹಳ ವರ್ಷಗಳಿಂದ ನೋಯಿಸುತ್ತಿರುವ ಸಂಗತಿ.

ಆ ಕಾಗದದಲ್ಲಿ ಏನಿರುತ್ತದೆಂದು ತಾವು ತಿಳಿಯಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕರಾರಿನಲ್ಲಿ ಅವಧಿ ನಮೂದಿಸದಿದ್ದರೆ ಹಕ್ಕಿನ ವರ್ಗಾವಣೆ ಐದು ವರ್ಷಕ್ಕೆ ಮಾತ್ರ. ಆದುದರಿಂದಲೇ 'ಶಾಶ್ವತವಾಗಿ' ಎಂಬ ಪದ ಕಂಡಲ್ಲಿ ಪೆನ್ನು ನಿಲ್ಲಬೇಕು. 2012ರ ತಿದ್ದುಪಡಿಯ ನಂತರ, ಸಾಹಿತ್ಯ ಬರೆದವರಿಗೂ ಸಂಗೀತ ಸಂಯೋಜಿಸಿದವರಿಗೂ ಬರಬೇಕಾದ ರಾಯಲ್ಟಿಯ ಸಮಪಾಲನ್ನು ಕಂಪನಿಗೆ ಬಿಟ್ಟುಕೊಡಲು ಬರುವುದಿಲ್ಲ. ತಾನೇ ಪದ ಕಟ್ಟುವ ತಮ್ಮ ಮೊಮ್ಮಗನಿಗೆ ಇದು ನೇರವಾಗಿ ಅನ್ವಯಿಸುತ್ತದೆ.

ಒಂದೆರಡು ಹಾಡುಗಳನ್ನು ಎರಡು ಮೂರು ವರ್ಷದ ಪರವಾನಗಿಯ ಮೇಲೆ ಕೇಳಿದರೆ ಅವನು ಕೊಡಲಿ. ಮೂಲ ಧ್ವನಿಮುದ್ರಣ ಅವನ ಹೆಸರಿನಲ್ಲೇ ಉಳಿಯಲಿ. ಹತ್ತನ್ನೂ ಬರೆದುಕೊಡಲು ತಾವು ಒತ್ತಾಯಿಸಬೇಡಿ. ಕರಾರಿನ ಕರಡು ಈಗಾಗಲೇ ಕೈಸೇರಿದ್ದರೆ ಒಂದು ಪ್ರತಿಯನ್ನು ನಮಗೆ ಕಳಿಸಿಕೊಡಿ. ಬೆಳಗಾವಿಯ ವಕೀಲ ಮಿತ್ರರಿಂದ ಸಾಲುಸಾಲಾಗಿ ಓದಿಸಿ ತಿಳಿಸುತ್ತೇನೆ.

– ಸಂಪಾದಕ