1792ರ ಅಮೆರಿಕದ ಸೆಂಟ್ ನಾಣ್ಯದ ನಡುವೆ ಬೆಳ್ಳಿಯ ಚುಕ್ಕೆ ಏಕಿದೆ?

ಬೆಲೆ ಕಡಿಮೆಯಾಗದಂತೆ ನಾಣ್ಯವನ್ನು ಚಿಕ್ಕದು ಮಾಡಲು. 1792ರ ಕಾನೂನಿನ ಪ್ರಕಾರ ಒಂದು ಸೆಂಟಿನಲ್ಲಿ ಸುಮಾರು 17 ಗ್ರಾಂ ತಾಮ್ರ ಇರಬೇಕಿತ್ತು. ನಾಣ್ಯದೊಳಗಿನ ಲೋಹಕ್ಕೂ ಅದರ ಬೆಲೆಯಿರಬೇಕು ಎನ್ನುತ್ತಿದ್ದ ಕಾಲ ಅದು. ಆದರೆ ಅಷ್ಟು ಭಾರದ ಚಿಲ್ಲರೆಯನ್ನು ಜೇಬಿನಲ್ಲಿ ಹೊತ್ತು ತಿರುಗುವುದು ಕಷ್ಟ.

ಅದಕ್ಕೆ ಟಂಕಸಾಲೆಯ ಹೆನ್ರಿ ವೋಯ್ಟ್ ಒಂದು ದಾರಿ ಹುಡುಕಿದರು: ಚಿಕ್ಕ ತಾಮ್ರದ ಬಿಲ್ಲೆಯ ನಡುವೆ ತೂತು ಮಾಡಿ, ಬೆಳ್ಳಿಯ ಪುಟ್ಟ ಬಿರಡೆ ತೂರಿಸಿ, ಆಮೇಲೆ ಅಚ್ಚೊತ್ತುವುದು. ಅಚ್ಚಿನ ಪೆಟ್ಟಿಗೆ ಬೆಳ್ಳಿ ಚಪ್ಪಟೆಯಾಗಿ ತಾಮ್ರವನ್ನು ಕಚ್ಚಿಕೊಳ್ಳುತ್ತಿತ್ತು. ಬೆಳ್ಳಿಯ ಬೆಲೆ ಮುಕ್ಕಾಲು ಸೆಂಟ್, ತಾಮ್ರದ್ದು ಕಾಲು ಸೆಂಟ್ ಎಂದು ವಿವರಿಸಿ ಆಗಿನ ವಿದೇಶಾಂಗ ಕಾರ್ಯದರ್ಶಿ ಥಾಮಸ್ ಜೆಫರ್ಸನ್ ಅದೇ ವರ್ಷದ ಡಿಸೆಂಬರ್‌ನಲ್ಲಿ ಅಧ್ಯಕ್ಷ ವಾಷಿಂಗ್ಟನ್‌ಗೆ ಎರಡು ನಾಣ್ಯ ಕಳಿಸಿದರು. ಎಷ್ಟು ಚೆಂದದ ಯೋಚನೆ! ಆದರೆ ಒಂದೊಂದಕ್ಕೂ ಹೀಗೆ ಬಿರಡೆ ಕೂರಿಸುವುದು ದೊಡ್ಡ ರಗಳೆಯ ಕೆಲಸ. 1793ರ ಜನವರಿಯಲ್ಲಿ ಸೆಂಟಿನ ತೂಕವನ್ನೇ ಸುಮಾರು 13.5 ಗ್ರಾಂಗೆ ಇಳಿಸಿ, ಬರೀ ತಾಮ್ರದಲ್ಲೇ ಮುಂದುವರಿದರು.

ಹೀಗಾಗಿ ಇದು ಮಾದರಿ ನಾಣ್ಯವಾಗಿ, ಅಂದರೆ ಪರೀಕ್ಷೆಗೆಂದು ಮಾತ್ರ ಒತ್ತಿದ ನಾಣ್ಯವಾಗಿ ಉಳಿಯಿತು. ಈಗ ಸಿಗುವುದು ಬೆರಳೆಣಿಕೆಯಷ್ಟು. ಎಲ್ಲಾದರೂ ಪ್ರದರ್ಶನಕ್ಕಿಟ್ಟಿದ್ದರೆ ಗಾಜಿನ ಹತ್ತಿರ ಬಗ್ಗಿ ನೋಡಿ. ಕಂದು ತಾಮ್ರದ ನಡುವೆ ಆ ಬೆಳ್ಳಿಯ ವೃತ್ತ ಕಾಣುತ್ತದೆ.