ಸೆಲ್ಫ್ ಹೊಡೆಯುತ್ತದೆ, ವ್ಯಾನ್ ಸ್ಟಾರ್ಟ್ ಆಗುವುದಿಲ್ಲ: ಪಂಪ್ ಬಿಚ್ಚುವ ಮೊದಲು ನೋಡಬೇಕಾದ್ದು

ಪ್ರಶ್ನೆ: ಸರ್, ನಮ್ಮದು 2018ರ ಡೀಸೆಲ್ ವ್ಯಾನ್, ಬಿಎಸ್4, ಕಾಮನ್ ರೈಲ್ ಎಂಜಿನ್. ನಾಪೋಕ್ಲು ಹತ್ತಿರ ಕಾಫಿ ತೋಟ, ಜೊತೆಗೆ ಸಣ್ಣ ಹೋಂಸ್ಟೇ ಇದೆ. ಅತಿಥಿಗಳನ್ನು ಕರೆತರಲೂ ಕಾಫಿ ಮೂಟೆ ಸಾಗಿಸಲೂ ಇದೇ ವ್ಯಾನ್. ಜುಲೈ ಮಳೆಯಲ್ಲಿ ಬಂಕ್‌ಗೆ ಹೋಗಲಾಗದೆ, ಸ್ಪ್ರಿಂಕ್ಲರ್ ಪಂಪ್‌ಗೆಂದು ಬ್ಯಾರೆಲ್‌ನಲ್ಲಿ ಉಳಿದಿದ್ದ ಡೀಸೆಲ್ ಹಾಕಿದೆವು. ಆಮೇಲೆ ಮಡಿಕೇರಿ ಏರಿನಲ್ಲಿ ಒಂದೆರಡು ಸಲ ಜರ್ಕ್ ಹೊಡೆಯಿತು. ಮನೆಗೆ ತಂದು ಏರು ಅಂಗಳದಲ್ಲಿ, ಮೂತಿ ಮೇಲೆ ಮಾಡಿ ಎರಡು ವಾರ ನಿಲ್ಲಿಸಿದ್ದೆವು. ಈಗ ಸ್ಟಾರ್ಟ್ ಮಾಡಿದಾಗ ಎರಡು ಸೆಕೆಂಡು ಓಡಿ ಆಫ್ ಆಯಿತು. ಅಲ್ಲಿಂದ ಬರೀ ಸೆಲ್ಫ್ ಹೊಡೆಯುತ್ತದೆ, ಸ್ಟಾರ್ಟ್ ಆಗುವುದೇ ಇಲ್ಲ. ಮೆಕ್ಯಾನಿಕ್ ನೋಡಿ, ‘ಪಂಪ್ ಹೋಗಿದೆ, ನಾಝಲ್ ಸಮೇತ ಬಿಚ್ಚಿ ಮೈಸೂರಿಗೆ ಕಳಿಸಬೇಕು’ ಎನ್ನುತ್ತಿದ್ದಾರೆ. ಕಳಿಸಬಹುದಾ?

ಉತ್ತರ: ಈಗಲೇ ಬೇಡ. ಕಾಮನ್ ರೈಲ್ ಎಂಜಿನ್‌ನಲ್ಲಿ ಪಂಪ್ ಡೀಸೆಲನ್ನು ಭಾರೀ ಒತ್ತಡದಲ್ಲಿ ರೈಲ್ ಎಂಬ ಒಂದೇ ಕೊಳವೆಗೆ ತುಂಬುತ್ತದೆ, ಅಲ್ಲಿಂದ ನಾಝಲ್‌ಗಳು ಸಿಲಿಂಡರ್‌ಗೆ ಚಿಮ್ಮಿಸುತ್ತವೆ. ಪಂಪ್ ಹೋಗಿರಲಾರದು ಎಂದು ನಾನು ಹೇಳುತ್ತಿಲ್ಲ. ಆದರೆ ನೀವು ಬರೆದಿರುವುದರಲ್ಲಿ ಪಂಪ್‌ಗಿಂತ ಅಗ್ಗದ ಎರಡು ಕಾರಣಗಳು ಎದ್ದು ಕಾಣುತ್ತಿವೆ. ಒಂದು ಆ ಬ್ಯಾರೆಲ್, ಇನ್ನೊಂದು ಏರು ಅಂಗಳ. ಅವೆರಡನ್ನೂ ನೋಡದೆ ಪಂಪ್‌ಗೆ ಸ್ಪ್ಯಾನರ್ ಹಾಕಬೇಡಿ ಎಂದು ನಿಮ್ಮ ಮೆಕ್ಯಾನಿಕ್‌ಗೆ ಸಮಾಧಾನವಾಗಿಯೇ ಹೇಳಿ.

ಮೊದಲು ಒಬ್ಬರು ಕೀ ತಿರುಗಿಸಲಿ, ಇನ್ನೊಬ್ಬರು ಸೈಲೆನ್ಸರ್ ಹತ್ತಿರ ನಿಲ್ಲಲಿ. ಹತ್ತು ಸೆಕೆಂಡು ಸೆಲ್ಫ್ ಹೊಡೆದರೆ ಸಾಕು. ಹೊಗೆ ಒಂಚೂರೂ ಬರಲಿಲ್ಲ ಎಂದರೆ ಸಿಲಿಂಡರ್‌ಗೆ ಡೀಸೆಲ್ ಹೋಗುತ್ತಿಲ್ಲ. ಕಣ್ಣು ಉರಿಸುವ ಬಿಳಿ ಹೊಗೆ ಬಂದರೆ ಡೀಸೆಲ್ ಹೋಗುತ್ತಿದೆ, ಉರಿಯುತ್ತಿಲ್ಲ. ಹಾಗಾದರೆ ಹುಡುಕಾಟದ ದಾರಿಯೇ ಬೇರೆ. ಕೊಡಗಿನ ಮಳೆಗಾಲದ ಬೆಳಗ್ಗೆ ಮಂಜು ಯಾವುದು, ಹೊಗೆ ಯಾವುದು ಗೊತ್ತಾಗುವುದು ಕಷ್ಟ. ಮೂಗನ್ನು ನಂಬಿ. ನಿಮ್ಮ ವ್ಯಾನ್‌ನಲ್ಲಿ ಹೊಗೆ ಬರಲಿಕ್ಕಿಲ್ಲ ಎಂದೇ ನನ್ನ ಅಂದಾಜು. ಅದನ್ನೇ ಹಿಡಿದು ಮುಂದೆ ಹೇಳುತ್ತೇನೆ.

ಅದಕ್ಕೂ ಮೊದಲು ಎರಡು ನಿಮಿಷದ ಕೆಲಸ ಇದೆ. ಕೀ ಆನ್ ಮಾಡಿದಾಗ ಮೀಟರ್‌ನಲ್ಲಿ ಕೀ ಚಿತ್ರದ ದೀಪ ಮಿಟುಕುತ್ತಿದೆಯಾ? ಕೆಲವು ಗಾಡಿಗಳಲ್ಲಿ ಇಮ್ಮೊಬಿಲೈಸರ್ (ಕಳ್ಳತನ ತಡೆಯುವ ಎಲೆಕ್ಟ್ರಾನಿಕ್ ಬೀಗ) ಕೀಯನ್ನು ಗುರುತಿಸದಿದ್ದರೂ ಎಂಜಿನ್ ಹೀಗೇ ಎರಡು ಸೆಕೆಂಡು ಓಡಿ ನಿಲ್ಲುತ್ತದೆ. ಇನ್ನೊಂದು ಕೀ ಇದ್ದರೆ ಅದರಲ್ಲೂ ನೋಡಿ. ಬಾನೆಟ್ ಎತ್ತಿ ವೈರಿಂಗ್ ಮೇಲೆ ಟಾರ್ಚ್ ಬಿಡಿ. ಎರಡು ವಾರ ನಿಂತ ಗಾಡಿ ಅಂದರೆ ತೋಟದ ಇಲಿಗಳಿಗೆ ಬೆಚ್ಚನೆಯ ಮನೆ ಅಲ್ವಾ? ವೈರ್ ಮಾತ್ರವಲ್ಲ, ರಬ್ಬರ್ ಡೀಸೆಲ್ ಪೈಪನ್ನೂ ಕಡಿಯುತ್ತವೆ. ಬ್ಯಾಟರಿಯನ್ನೂ ವೋಲ್ಟ್ ಮೀಟರ್ ಹಿಡಿದು ನೋಡಿ. ಇಷ್ಟೊತ್ತಿಗೆ ಸೆಲ್ಫ್ ಹೊಡೆದು ಹೊಡೆದು ಅದು ಸುಸ್ತಾಗಿರುತ್ತದೆ. ಸೆಲ್ಫ್ ಹೊಡೆಯುವಾಗ 9.5 ವೋಲ್ಟ್‌ಗಿಂತ ಕೆಳಗೆ ಇಳಿದರೆ ಚಾರ್ಜ್ ಮಾಡಿಸಿಯೇ ಮುಂದಿನ ಪರೀಕ್ಷೆ.

ಈಗ ಬ್ಯಾರೆಲ್ ವಿಷಯ. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟಾಗ ಫೆಬ್ರವರಿ, ಮಾರ್ಚ್‌ನಲ್ಲಿ ಸ್ಪ್ರಿಂಕ್ಲರ್ ಓಡಿಸಲು ತಂದ ಡೀಸೆಲ್ ಜುಲೈವರೆಗೆ ಹೊರಗೆ ನಿಂತಿತ್ತು ಎಂದುಕೊಳ್ಳುತ್ತೇನೆ. ನೆಟ್ಟಗೆ ನಿಲ್ಲಿಸಿದ ಬ್ಯಾರೆಲ್‌ನ ಮೇಲ್ಭಾಗದಲ್ಲಿ ಮಳೆ ನೀರು ನಿಲ್ಲುತ್ತದೆ. ಹಗಲು ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಮುಚ್ಚಳದ ಸಂದಿಯಿಂದ ಹೊರಗೆ ಹೋಗುತ್ತದೆ. ರಾತ್ರಿ ತಣ್ಣಗಾದಾಗ ಬ್ಯಾರೆಲ್ ಒಳಕ್ಕೆ ಎಳೆದುಕೊಳ್ಳುತ್ತದೆ. ಆಗ ಗಾಳಿಯ ಬದಲು ಮೇಲೆ ನಿಂತ ನೀರೇ ಒಳಗೆ ಹೋಗುತ್ತದೆ. ಮುಚ್ಚಳ ಗಟ್ಟಿಯಾಗಿಯೇ ಇತ್ತು ಎಂದು ಎಲ್ಲರೂ ಹೇಳುತ್ತಾರೆ. ವಾಷರ್ ಹಳತಾಗಿದ್ದರೆ ಅಷ್ಟು ಸಾಕು. ನೀರು ಡೀಸೆಲ್‌ಗಿಂತ ಭಾರ, ತಳಕ್ಕೆ ಇಳಿಯುತ್ತದೆ. ನೀವು ಬ್ಯಾರೆಲ್‌ನ ಕೊನೆಯ ಡೀಸೆಲ್ ತೆಗೆದಿದ್ದರೆ ನೀರನ್ನೂ ತೆಗೆದಿರುತ್ತೀರಿ. ಏರಿನಲ್ಲಿ ಜರ್ಕ್ ಹೊಡೆದದ್ದೂ ಇದಕ್ಕೆ ಹೊಂದುತ್ತದೆ. ಏರಿನಲ್ಲಿ ಎಂಜಿನ್ ಜಾಸ್ತಿ ಡೀಸೆಲ್ ಕೇಳುತ್ತದೆ, ನೀರು ತುಂಬಿದ ಫಿಲ್ಟರ್ ಅಷ್ಟು ಕೊಡುವುದಿಲ್ಲ.

ಪರೀಕ್ಷೆ ಸುಲಭ. ಕೀ ಆಫ್ ಮಾಡಿ, ಡೀಸೆಲ್ ಫಿಲ್ಟರ್ ಕೆಳಗಿನ ಡ್ರೈನ್ ಸ್ಕ್ರೂ ಸಡಿಲಿಸಿ, ಬಂದದ್ದನ್ನು ಗಾಜಿನ ಬಾಟಲಿಗೆ ಹಿಡಿಯಿರಿ. ಹತ್ತು ನಿಮಿಷ ಅಲುಗಿಸದೆ ಇಡಿ. ನೀರಿದ್ದರೆ ತಳದಲ್ಲಿ ಗೆರೆ ಎಳೆದ ಹಾಗೆ ಬೇರೆ ಕಾಣುತ್ತದೆ. ಕಪ್ಪು ಲೋಳೆಯೂ ಬಂದರೆ ನೀರು ಬಹಳ ದಿನದಿಂದ ಇದೆ ಎಂದರ್ಥ, ನೀರು ಮತ್ತು ಡೀಸೆಲ್ ಸೇರುವ ಜಾಗದಲ್ಲಿ ಸೂಕ್ಷ್ಮಜೀವಿ ಬೆಳೆಯುತ್ತದೆ. ನೀರು ಕಂಡರೆ ಮತ್ತೆ ಒಂದು ಸಲವೂ ಸೆಲ್ಫ್ ಹೊಡೆಯಬೇಡಿ. ಕಾಮನ್ ರೈಲ್ ಪಂಪ್‌ಗೆ ಡೀಸೆಲ್ಲೇ ಲೂಬ್ರಿಕೇಶನ್. ನೀರು ಹೋದರೆ ಒಳಗಿನ ಲೋಹ ಉಜ್ಜಿ ಸವೆಯುತ್ತದೆ. ಮೆಕ್ಯಾನಿಕ್ ಹೇಳಿದ ಮಾತು ಆಗ ನಿಜವಾಗಿಬಿಡುತ್ತದೆ. ಟ್ಯಾಂಕ್ ಪೂರ್ತಿ ಖಾಲಿ ಮಾಡಿಸಿ ತೊಳೆಸಿ, ಪೈಪ್‌ಗೆ ಗಾಳಿ ಹೊಡೆಸಿ, ಹೊಸ ಫಿಲ್ಟರ್, ಬಂಕ್‌ನ ಡೀಸೆಲ್ ಹಾಕಿಸಿ.

ನೀರು ಇಲ್ಲದಿದ್ದರೆ ಏರು ಅಂಗಳವನ್ನು ಅನುಮಾನಿಸಿ. ತುಂಬ ವ್ಯಾನ್‌ಗಳಲ್ಲಿ ಟ್ಯಾಂಕ್ ಒಳಗೆ ಡೀಸೆಲ್ ತಳ್ಳುವ ಮೋಟಾರ್ ಇರುವುದಿಲ್ಲ. ಎಂಜಿನ್ ಪಕ್ಕದ ಪಂಪೇ ಅಷ್ಟು ದೂರದಿಂದ ಡೀಸೆಲ್ ಎಳೆಯಬೇಕು. ದಾರಿಯಲ್ಲಿ ಒಂದು ಕ್ಲಿಪ್ ಸಡಿಲವಾಗಿದ್ದರೂ ಸಾಕು, ತೂತಾದ ಸ್ಟ್ರಾದಲ್ಲಿ ಎಳನೀರು ಕುಡಿದ ಹಾಗಾಗುತ್ತದೆ. ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಬರುತ್ತದೆ. ಆದ್ದರಿಂದಲೇ ನೆಲದಲ್ಲಿ ಕಲೆ ಹುಡುಕಿದರೆ ಏನೂ ಸಿಗುವುದಿಲ್ಲ. ಮೂತಿ ಮೇಲೆ ಮಾಡಿ ವಾರಗಟ್ಟಲೆ ನಿಂತಾಗ ಪೈಪ್‌ನಲ್ಲಿದ್ದ ಡೀಸೆಲ್ ನಿಧಾನಕ್ಕೆ ಟ್ಯಾಂಕ್‌ಗೆ ವಾಪಸ್ ಇಳಿದಿರುತ್ತದೆ. ಪಂಪ್‌ನಲ್ಲಿ ಉಳಿದ ಸ್ವಲ್ಪದರಲ್ಲಿ ಎರಡು ಸೆಕೆಂಡು ಓಡಿ ನಿಂತಿತು, ಅಷ್ಟೇ. ಟ್ಯಾಂಕ್‌ನಲ್ಲಿ ಡೀಸೆಲ್ ಕಡಿಮೆ ಇದ್ದರೆ ಏರಿನಲ್ಲಿ ಅದು ಒಂದು ಮೂಲೆಗೆ ಸರಿದು ಪೈಪ್‌ನ ಬಾಯಿಗೆ ಸಿಗದೆಯೂ ಇರಬಹುದು.

ಗಾಡಿಯನ್ನು ಸಮತಟ್ಟು ಜಾಗಕ್ಕೆ ತನ್ನಿ. ಫಿಲ್ಟರ್ ಹತ್ತಿರದ ಕೈ ಪಂಪನ್ನು ಗಟ್ಟಿಯಾಗುವವರೆಗೆ ಒತ್ತಿ. ಎಷ್ಟು ಒತ್ತಿದರೂ ಮೆತ್ತಗೇ ಇದ್ದರೆ ಗಾಳಿ ಬರುತ್ತಿದೆ. ಫಿಲ್ಟರ್‌ನಿಂದ ಪಂಪ್‌ಗೆ ಹೋಗುವ ಕಡೆ ಒಂದು ತುಂಡು ಪಾರದರ್ಶಕ ಡೀಸೆಲ್ ಪೈಪ್ ಹಾಕಿ ನೋಡಿದರೆ ಗುಳ್ಳೆ ಕಣ್ಣಿಗೇ ಕಾಣುತ್ತದೆ. ಕ್ಲಿಪ್, ಫಿಲ್ಟರ್ ತಲೆಯ ರಬ್ಬರ್ ರಿಂಗ್, ತಾಮ್ರದ ವಾಷರ್ ಇವುಗಳಲ್ಲೇ ತೊಂದರೆ ಸಿಗುವುದು ಜಾಸ್ತಿ. ಅದನ್ನು ಸರಿಮಾಡಿ, ಕೈ ಪಂಪ್ ಒತ್ತಿ ಪೈಪ್‌ನೊಳಗಿನ ಗಾಳಿ (ಏರ್) ತೆಗೆದ ಮೇಲೆ ಹತ್ತು ಸೆಕೆಂಡು ಸೆಲ್ಫ್, ಒಂದು ನಿಮಿಷ ಬಿಡುವು. ಇಲ್ಲದಿದ್ದರೆ ಸೆಲ್ಫ್ ಮೋಟಾರ್ ಸುಟ್ಟು ಇನ್ನೊಂದು ಬಿಲ್ ಆಗುತ್ತದೆ.

ಇಷ್ಟಾದರೂ ಸ್ಟಾರ್ಟ್ ಆಗದಿದ್ದರೆ, ಎಂಜಿನ್ ಕಂಪ್ಯೂಟರ್ ಓದುವ ಸ್ಕ್ಯಾನರ್ ಇರುವವರನ್ನು ಮನೆಗೇ ಕರೆಸಿ. ಸೆಲ್ಫ್ ಹೊಡೆಯುವಾಗ ಎರಡು ಅಂಕಿ ಕೇಳಿ: ಎಂಜಿನ್ ಆರ್‌ಪಿಎಂ, ರೈಲ್ ಪ್ರೆಷರ್. ಎಂಜಿನ್ ತಿರುಗುತ್ತಿದ್ದರೂ ಆರ್‌ಪಿಎಂ ಸೊನ್ನೆ ತೋರಿಸಿದರೆ ಕ್ರ್ಯಾಂಕ್ ಸೆನ್ಸರ್ (ಎಂಜಿನ್ ತಿರುಗುವುದನ್ನು ಕಂಪ್ಯೂಟರ್‌ಗೆ ತಿಳಿಸುವ ಭಾಗ) ಅಥವಾ ಅದರ ವೈರ್ ನೋಡಬೇಕು, ಪಂಪ್ ಬಿಚ್ಚುವ ಮಾತೇ ಇಲ್ಲ. ಆರ್‌ಪಿಎಂ ಸರಿ ಇದ್ದು ಪ್ರೆಷರ್ ಸುಮಾರು 200 ಬಾರ್ (ಒತ್ತಡದ ಅಳತೆ) ಕೂಡ ದಾಟದಿದ್ದರೆ ಕಂಪ್ಯೂಟರ್ ನಾಝಲ್ ತೆರೆಸುವುದಿಲ್ಲ. ಆಗಲೂ ಪಂಪ್ ಒಂದೇ ಆರೋಪಿ ಅಲ್ಲ. ಒಂದೇ ಒಂದು ನಾಝಲ್, ಉಳಿದ ಡೀಸೆಲನ್ನು ಟ್ಯಾಂಕ್‌ಗೆ ಮರಳಿಸುವ ರಿಟರ್ನ್ ಪೈಪ್‌ಗೆ ಜಾಸ್ತಿ ಡೀಸೆಲ್ ಬಿಟ್ಟರೂ ಪ್ರೆಷರ್ ಏರುವುದಿಲ್ಲ. ಪ್ರತಿ ನಾಝಲ್‌ನ ರಿಟರ್ನ್‌ಗೆ ಒಂದೊಂದು ಬಾಟಲಿ ಕಟ್ಟಿ ಸೆಲ್ಫ್ ಹೊಡೆದರೆ, ಯಾವ ಬಾಟಲಿ ಜಾಸ್ತಿ ತುಂಬಿತು ಎಂಬುದರಿಂದ ಕಳ್ಳ ಯಾರೆಂದು ತಿಳಿಯುತ್ತದೆ. ಡೀಸೆಲ್ ಪ್ರಮಾಣ ನಿಯಂತ್ರಿಸುವ, ಪಂಪ್ ಮೇಲಿನ ಕಂಟ್ರೋಲ್ ವಾಲ್ವ್ ಸಿಕ್ಕಿಕೊಂಡಿದ್ದರೂ ಹೀಗೇ. ಇವೆಲ್ಲ ಸರಿ ಇದ್ದು, ಗುಳ್ಳೆ ಇಲ್ಲದ ಶುದ್ಧ ಡೀಸೆಲ್ ಬಂದರೂ ಪ್ರೆಷರ್ ಏರಲಿಲ್ಲವಾ? ವಾಲ್ವ್ ಬಿಚ್ಚಿದಾಗ ಮಿನುಗುವ ಲೋಹದ ಪುಡಿ ಕಂಡಿತಾ? ಆಗ ಮೈಸೂರು ಬಸ್ಸಿಗೆ ಪಂಪ್ ಹಾಕಿ, ನಾನು ಬೇಡ ಎನ್ನುವುದಿಲ್ಲ.

ಕೆಲವು ಕೆಲಸ ಮಾತ್ರ ಯಾರು ಹೇಳಿದರೂ ಮಾಡಬೇಡಿ. ಹಳೆಯ ಜೀಪ್‌ನಲ್ಲಿ ಮಾಡಿದ ಹಾಗೆ ನಾಝಲ್ ಪೈಪ್‌ನ ನಟ್ ಸಡಿಲಿಸಿ ಏರ್ ತೆಗೆಯಬಾರದು. ಓಡುವ ಕಾಮನ್ ರೈಲ್‌ನಲ್ಲಿ ಪ್ರೆಷರ್ ಸಾವಿರ ಬಾರ್ ದಾಟುತ್ತದೆ, ಆ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಏರ್ ಫಿಲ್ಟರ್ ತೆಗೆದು ಪೆಟ್ರೋಲ್ ಬಟ್ಟೆ ಹಿಡಿಯುವುದೂ ಬೇಡ. ಇಳಿಜಾರಿನಲ್ಲಿ ಉರುಳಿಸಿ ಗೇರ್ ಹಾಕುವ ಆಸೆ ನಮ್ಮೂರಲ್ಲಿ ಎಲ್ಲರಿಗೂ ಬರುತ್ತದೆ. ಸೆಲ್ಫ್ ಚೆನ್ನಾಗಿ ತಿರುಗಿಸುತ್ತಿರುವಾಗ ಅದರಿಂದ ಏನೂ ಲಾಭವಿಲ್ಲ. ಎಂಜಿನ್ ಓಡದಿದ್ದರೆ ಬ್ರೇಕ್ ಕಲ್ಲಾಗುತ್ತದೆ, ಪವರ್ ಸ್ಟೀರಿಂಗ್ ಇರುವುದಿಲ್ಲ, ಕೆಳಗೆ ತಿರುವು ಇರುತ್ತದೆ.

ಪ್ರಶ್ನೆ: ಸೋಮವಾರಪೇಟೆಯಿಂದ ಬರೆಯುತ್ತಿದ್ದೇನೆ. ನಮ್ಮದು ಕಂಪ್ಯೂಟರ್ ಇಲ್ಲದ ಹಳೆಯ ಡೀಸೆಲ್ ವ್ಯಾನ್. ಡಿಸೆಂಬರ್, ಜನವರಿ ಬೆಳಗ್ಗೆ ಮಾತ್ರ ಸ್ಟಾರ್ಟ್ ಆಗುವುದಿಲ್ಲ, ಬಿಳಿ ಹೊಗೆ ಬರುತ್ತದೆ. ಮಧ್ಯಾಹ್ನ ಒಂದೇ ಸೆಲ್ಫ್‌ಗೆ ಸ್ಟಾರ್ಟ್.

ಉತ್ತರ: ಬಿಳಿ ಹೊಗೆ ಬರುತ್ತಿದೆ ಎಂದರೆ ನಿಮ್ಮ ಡೀಸೆಲ್ ದಾರಿ ಸರಿ ಇದೆ. ತಣ್ಣಗಿನ ಸಿಲಿಂಡರ್ ಒಳಗನ್ನು ಬಿಸಿ ಮಾಡುವ ಹೀಟರ್ ಪ್ಲಗ್ ನೋಡಿಸಿ. ಮೀಟರ್‌ನಲ್ಲಿ ಹೀಟರ್ ದೀಪ ಬಂದರೆ ಪ್ಲಗ್ ಬಿಸಿಯಾಗುತ್ತಿದೆ ಎಂದಲ್ಲ, ಪ್ಲಗ್‌ಗೆ ಕರೆಂಟ್ ಕೊಡುವ ಸ್ವಿಚ್, ಅಂದರೆ ರಿಲೇ, ಸುಟ್ಟಿದ್ದರೂ ದೀಪ ಬರಬಹುದು. ಪ್ಲಗ್‌ಗಳನ್ನು ಜೋಡಿಸುವ ಪಟ್ಟಿ ಬಿಚ್ಚಿ, ಬ್ಯಾಟರಿ ಪಾಸಿಟಿವ್‌ನಿಂದ ಟೆಸ್ಟ್ ಲ್ಯಾಂಪನ್ನು ಒಂದೊಂದು ಪ್ಲಗ್ ತುದಿಗೆ ಮುಟ್ಟಿಸಿ. ಲ್ಯಾಂಪ್ ಉರಿಯದ ಪ್ಲಗ್ ಸತ್ತಿದೆ. ನಾಲ್ಕೂ ಒಳ್ಳೆಯದಿದ್ದು ಪಟ್ಟಿಗೂ ಕರೆಂಟ್ ಬರುತ್ತಿದ್ದರೆ, ಕಂಪ್ರೆಶನ್ (ಸಿಲಿಂಡರ್ ಗಾಳಿಯನ್ನು ಅದುಮುವ ಒತ್ತಡ) ಚೆಕ್ ಮಾಡಿಸಿ. ಆಯಿಲ್ ಜಾಸ್ತಿ ಕುಡಿಯುತ್ತಿದೆಯಾ ಎಂಬುದನ್ನೂ ಮೆಕ್ಯಾನಿಕ್‌ಗೆ ಹೇಳಿ, ಅದನ್ನು ನೀವು ಬರೆದಿಲ್ಲ.